ಅವರೆ ಹಿದುಕಿದ ಬಲಗೈ

ಮೊನ್ನೆ ಹೊಸೂರಿನ ಮಾರ್ಕೆಟ್ಟಿನಲ್ಲಿ ಒಬ್ಬಾಕೆ ನನ್ನ ಕಾಲಬುಡದಲ್ಲೇ ಒಂದು ಮೂಟೆ ಅವರೆಕಾಯಿ ಸುರಿದಳು. ಮಂಜು ಕುಡಿದ ಕಾಯಿ. ಅದರ ಸೊಗಡು ಮೂಗಿಗೆ ಬಡಿದದ್ದೇ ತಡ, ತಂದಿದ್ದ ಚೀಲ ಸಾಲದೆ ಸೆರಗಿಗೂ ತುಂಬಿಸಿಕೊಂಡೆ. ಆಟೋದವನು ನೋಡಿ, "ಏನಮ್ಮಾ, ಮದ್ವೆ ಮನೆಗಾ ಇಷ್ಟೊಂದು?" ಎಂದ. "ಅಲ್ಲಪ್ಪ, ನಮ್ಮತ್ತೆ ಕೈಗೆ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗಬೇಕಾದರೆ ಎರಡು ವರ್ಷದ ಹಿಂದಿನ ಅವರೆಕಾಲದಲ್ಲಿ ಅವನು ನಮ್ಮ ಮನೆಯ ಜಗುಲಿಯಲ್ಲಿ ಇದ್ದಿರಬೇಕಿತ್ತು. ಆ ಕಾಲವನ್ನು ನೆನೆದರೆ ಈಗಲೂ ನನಗೆ ಎದೆ ಉಬ್ಬುತ್ತದೆ. ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ.

ನನ್ನ ಹೆಸರು ಶಾಂತಮ್ಮ. ಹೆಸರಿಗೂ ನನಗೂ ಎಣ್ಣೆ ಸೀಗೆಕಾಯಿ ಎಂದು ನಮ್ಮ ಯಜಮಾನರು ಹೇಳುತ್ತಾರೆ, ಇರಲಿ. ತವರು ಮಾಲೂರಿನ ಕಡೆ. ಯಜಮಾನರಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಅತ್ತಿಬೆಲೆ ಗಡಿ ದಾಟಿ ಬಂದವರು ಅವಲಪಲ್ಲಿಯಲ್ಲಿ ಮನೆ ಕಟ್ಟಿ ಇಲ್ಲೇ ಉಳಿದೆವು. ಹೊಸತರಲ್ಲಿ ರೇಷನ್ ಅಂಗಡಿಯ ಮುಂದೆ ತಮಿಳು ಬಾರದೆ ಕೈಸನ್ನೆ ಮಾಡಿ ಅಕ್ಕಿ ತಂದವಳು ನಾನು. ಆಮೇಲೆ ಒಂದು ನರ್ಸಿಂಗ್ ಹೋಮಿನಲ್ಲಿ ವಾರ್ಡ್ ಸಿಸ್ಟರಾಗಿ, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಯುವುದನ್ನು ಚೆನ್ನಾಗಿ ಕಲಿತು ರಿಟೈರ್ ಆದೆ.

ಮನೆಯಲ್ಲಿ ಕೂತು ಬೇಸರ ಹತ್ತುವಷ್ಟರಲ್ಲಿ ಮೂಕಂಡಪಲ್ಲಿಯ ಒಂದು ತರಬೇತಿ ಕೇಂದ್ರದಿಂದ ಕರೆ ಬಂತು. ಕೆಳಗಡೆ ಲೇತ್ ವರ್ಕ್‌ಶಾಪು, ಮೇಲಿನ ಮಹಡಿಯಲ್ಲಿ ಜಪಾನು. ಆ ದೇಶದಲ್ಲಿ ವಯಸ್ಸಾದವರು ಹೆಚ್ಚಾಗಿದ್ದಾರೆ, ನೋಡಿಕೊಳ್ಳುವ ಕೈಗಳು ಸಾಲವು, ಅದಕ್ಕೆ ಹೊರದೇಶದ ಹುಡುಗಿಯರನ್ನು ಕರೆಸಿಕೊಳ್ಳುತ್ತಾರೆ ಎಂದು ಸೆಲ್ವಂ ವಿವರಿಸಿದ. ಸೆಲ್ವಂ ಅಲ್ಲಿ ಕೆಲವು ವರ್ಷ ದುಡಿದು ಬಂದ ಕೃಷ್ಣಗಿರಿಯ ಹುಡುಗ, ಭಾಷೆಯ ಮೇಷ್ಟ್ರು. ಆರೈಕೆಯ ಕೆಲಸ ಕಲಿಸಲು ನಾನು ಬೇಕಿತ್ತು. ನನಗೆ ನಗು ಬಂತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಿರಿಯರನ್ನು ನೋಡಿಕೊಳ್ಳುವುದನ್ನು ಕಲಿಸಬೇಕೇ, ಅದನ್ನು ಹೊಟ್ಟೆಯಲ್ಲೇ ಕಲಿತು ಬಂದಿರುತ್ತಾರೆ ಎಂದೆ. ಆ ಮಾತು ನನ್ನನ್ನೇ ಹುಡುಕಿಕೊಂಡು ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಮೊದಲ ತಂಡದಲ್ಲಿ ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಹುಡುಗಿಯರಿದ್ದರು. ಅವರಲ್ಲಿ ಮುನಿರತ್ನ ಜವಳಗಿರಿಯವಳು. ಅಪ್ಪ ರಾಗಿ ಹೊಲಕ್ಕೆ ಆನೆ ನುಗ್ಗದಂತೆ ಅಟ್ಟಣೆಯ ಮೇಲೆ ಕೂತು ಕಾಯುವ ಮನುಷ್ಯ. ಇವಳು ಹೊಸೂರಿಗೆ ಬಂದು ಒಂದು ಫ್ಯಾಕ್ಟರಿಯ ಲೈನಿನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿದ್ದಳು. ಆರ್ಡರ್ ಇದ್ದಾಗ ಬಾ ಎನ್ನುವರು, ಇಲ್ಲದಾಗ ಹೋಗು ಎನ್ನುವರು. ಹೊರದೇಶದವರು ವಸ್ತು ಕೊಳ್ಳುವುದು ಕಡಿಮೆ ಮಾಡಿದ ಒಂದು ವರ್ಷ ಇಡೀ ಲೈನನ್ನೇ ಮನೆಗೆ ಕಳಿಸಿದರಂತೆ. "ಸಿಸ್ಟರಮ್ಮ, ಬಾ ಅಂದ್ರೆ ಬರೋಕೆ ಹೋಗು ಅಂದ್ರೆ ಹೋಗೋಕೆ ನಾನೇನು ಬಸ್ಸಾ? ನಂದು ಅಂತ ಒಂದು ಕಸುಬು ಬೇಕು" ಎಂದಿದ್ದಳು ಸೇರಿದ ದಿನವೇ. ಅವಳ ಅಮ್ಮನಿಗೆ ಮಾತ್ರ ಇದು ತಲೆಗೇ ಹೋಗಿರಲಿಲ್ಲ. ಮುದುಕರನ್ನ ನೋಡ್ಕೊಳ್ಳಾಕೆ ಇಮಾನ ಯಾಕೆ ಹತ್ಬೇಕು, ನಮ್ಮೂರಲ್ಲಿ ಮುದುಕ್ರು ಇಲ್ವಾ ಎನ್ನುತ್ತಿದ್ದಳಂತೆ.

ಹುಡುಗಿಯ ಕೈ ಚುರುಕೋ ಚುರುಕು. ಅವಳ ಅಜ್ಜಿ ಹಾಸಿಗೆ ಹಿಡಿದಾಗ ಮೀಯಿಸಿ, ಉಣಿಸಿ, ಕೊನೆಯವರೆಗೂ ನೋಡಿಕೊಂಡವಳು ಇವಳೇ. ಹಾಸಿಗೆಯಲ್ಲಿದ್ದವರನ್ನು ಮಗ್ಗುಲಾಗಿಸಿ, ಬಟ್ಟೆ ಬದಲಿಸಿ, ಕೂರಿಸಿ, ತುತ್ತಿಡುವುದನ್ನು ಅವಳು ಮಾಡಿದರೆ ನಾನು ತಪ್ಪು ಹುಡುಕಲು ಕಣ್ಣು ಅರಳಿಸಿ ನೋಡಿದರೂ ಸಿಗುತ್ತಿರಲಿಲ್ಲ. ಭಾಷೆಯ ಪರೀಕ್ಷೆಯಲ್ಲೂ ಪಾಸಾದಳು. ಇನ್ನು ಉಳಿದಿದ್ದು ಆಯ್ಕೆ. ಅಲ್ಲಿನ ಒಂದು ವೃದ್ಧಾಶ್ರಮದವರು ತಾವೇ ಬಂದು, ಕೆಲಸ ಮಾಡಿಸಿ ನೋಡಿ ಆರಿಸಿಕೊಳ್ಳುವುದಿತ್ತು.

ಕಾರ್ತಿಕದ ಒಂದು ಚಳಿಯ ಬೆಳಿಗ್ಗೆ ಬಂದವರು ಸಾತೋ ಎಂಬ ಹೆಂಗಸು. ನಾನು ಯಾರೋ ಸೂಟು ಬೂಟಿನ ಸಾಹೇಬನನ್ನು ಎದುರು ನೋಡುತ್ತಿದ್ದೆ. ಬಂದದ್ದು ಎಪ್ಪತ್ತು ದಾಟಿದ, ಕತ್ತರಿಸಿದ ಬಿಳಿಗೂದಲಿನ, ಕಡ್ಡಿಯಂಥ ಅಮ್ಮ. ಸೆಲ್ವಂ ಬ್ಯಾಗು ಹಿಡಿಯಲು ಹೋದರೆ ಕೊಡಲಿಲ್ಲ. ಒಂದು ಮಂಡಿ ನೋಯುತ್ತಿದ್ದರೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ತಾವೇ ಹತ್ತಿ ಬಂದರು. ನಾನು ಓಡಿಹೋಗಿ ತೋಳು ಹಿಡಿದೆ. ನಯವಾಗಿ ಬಿಡಿಸಿಕೊಂಡರು. ಇದೆಂಥ ಬಿಗುಮಾನ ಎಂದುಕೊಂಡೆ.

ಒಬ್ಬ ಹುಡುಗಿಯನ್ನು ಬಲಗೈ ಸ್ವಾಧೀನವಿಲ್ಲದ ಮುದುಕಿಯೆಂದು ಮಲಗಿಸಿದ್ದೆವು. ಮುನಿರತ್ನ ಅವಳನ್ನು ಎಬ್ಬಿಸಿ ಕೂರಿಸಿ, ಅಂಗಿ ತೊಡಿಸಿ, ಗುಂಡಿ ಹಾಕಿ, ಮುಖ ಒರೆಸಿ, ಗಂಜಿ ಕುಡಿಸಿ, ಬಾಯಿ ಒರೆಸಿ ಮತ್ತೆ ದಿಂಬಿಗೆ ಒರಗಿಸಿದಳು. ಒಂದು ಹನಿ ಚೆಲ್ಲಲಿಲ್ಲ. ನಾನು ಸಾತೋ ಅವರ ಮುಖ ನೋಡಿದೆ, ಈಗ ಹೊಗಳುತ್ತಾರೆ ಎಂದು. ಆಕೆ ಮೆತ್ತಗೆ ಏನೋ ಕೇಳಿದರು. ಸೆಲ್ವಂ ತಡವರಿಸುತ್ತಾ ಹೇಳಿದ: "ಎಲ್ಲಾ ನೀವೇ ಮಾಡಿದ್ರಿ. ಅಜ್ಜಿ ಏನು ಮಾಡಿದ್ರು ಅಂತ ಕೇಳ್ತಿದ್ದಾರೆ."

ಮುನಿರತ್ನ ಕಣ್ಣು ಬಿಟ್ಟಳು. "ಅಜ್ಜಿ ಯಾಕೆ ಮಾಡ್ಬೇಕು? ನಾನಿದೀನಲ್ಲಾ!"

ಸರಿಯುತ್ತರ ಎಂದು ನಾನೂ ತಲೆಯಾಡಿಸಿದೆ. ಸಾತೋ ಮಾತ್ರ ಆಡಿಸಲಿಲ್ಲ. ಆಕೆಯ ಎಡಗೈ ಚೆನ್ನಾಗಿದೆ, ಬಲಗೈಯಲ್ಲೂ ಸ್ವಲ್ಪ ಶಕ್ತಿ ಇರಬಹುದು. ನೀವು ಎಲ್ಲವನ್ನೂ ಮಾಡಿಕೊಟ್ಟರೆ ಇರುವುದೂ ಹೋಗುತ್ತದೆ. ಅವರಿಂದಾಗುವುದನ್ನು ಅವರೇ ಮಾಡುವಂತೆ ನೋಡಿಕೊಳ್ಳುವುದೇ ನಮ್ಮಲ್ಲಿ ಆರೈಕೆ ಎಂದರು. ಆ ದಿನ ನಮ್ಮ ಹುಡುಗಿಯರಲ್ಲಿ ಒಬ್ಬಳೂ ಆಯ್ಕೆಯಾಗಲಿಲ್ಲ. ಎಲ್ಲರೂ ಅದೇ ತಪ್ಪು ಮಾಡಿದ್ದರು, ಹಿರಿಯರ ಕೈಗೆ ಕೆಲಸ ಕೊಡಲಾರದ ತಪ್ಪು. ಸಂಕ್ರಾಂತಿ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇನೆ, ಅದೇ ಕೊನೆ ಎಂದರು ಸಾತೋ. ಆಗಲೂ ಆಗದಿದ್ದರೆ ಮುನಿರತ್ನಳಿಗೆ ಮತ್ತೆ ಅದೇ ಫ್ಯಾಕ್ಟರಿಯ ಗೇಟು.

ನನಗೆ ಮೈಯೆಲ್ಲಾ ಉರಿದುಹೋಯಿತು. ಕಾಫಿ ಕೊಡುವಾಗ ಕೇಳಿಯೇಬಿಟ್ಟೆ: "ಸೆಲ್ವಂ, ಕೇಳಪ್ಪ ಆಯಮ್ಮನ್ನ. ಮುದುಕರ ಕೈಲಿ ಕೆಲ್ಸ ಮಾಡ್ಸೋದಾದ್ರೆ ಇಲ್ಲಿಂದ ನಮ್ಮ ಮಕ್ಕಳು ಯಾಕೆ ಬೇಕು?" ಅವನು "ಸಿಸ್ಟರ್, ಕೊಂಜಂ ಮೆದುವಾ, ಸ್ವಲ್ಪ ಮೆಲ್ಲಗೆ" ಎಂದು ಗೋಗರೆದು, ನಯ ಮಾಡಿ ಕೇಳಿದನೆಂದು ಕಾಣುತ್ತದೆ. ಸಾತೋ ಕೋಪಿಸಿಕೊಳ್ಳಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಊರಿನ ಕಥೆ ಹೇಳಿದರು. ಆಕೆ ಓದಿದ ಶಾಲೆಯಲ್ಲಿ ಮಕ್ಕಳಿಲ್ಲದೆ ಬೀಗ ಬಿತ್ತಂತೆ. ಅದೇ ಕಟ್ಟಡದಲ್ಲಿ ಈಗ ವೃದ್ಧಾಶ್ರಮ. ಡ್ರೈವರು ಸಿಗದೆ ಊರಿನ ಬಸ್ಸು ನಿಂತಿದೆ. ದುಡಿದು ತೆರಿಗೆ ಕಟ್ಟುವ ಹರೆಯದವರು ಕಡಿಮೆ, ಪಿಂಚಣಿ ಔಷಧಿ ಬೇಕಾದವರು ಹೆಚ್ಚು, ಬೆಲೆಗಳು ಏರುತ್ತಿವೆ. ಹೊರಗಿನವರನ್ನು ಯಾಕೆ ತರುತ್ತೀರಿ ಎಂದು ಜಗಳ ಆಡುವವರೂ ಇದ್ದಾರಂತೆ. ಅವರದೇ ಅಪ್ಪ ಅಮ್ಮಂದಿರು ಆಶ್ರಮದಲ್ಲಿ ಜಾಗ ಸಿಗದೆ ಕಾಯುತ್ತಿರುತ್ತಾರಂತೆ. "ನನ್ನ ತಾಯಿಯೂ ಅದೇ ಆಶ್ರಮದಲ್ಲಿದ್ದಾರೆ. ತೊಂಬತ್ತು ದಾಟಿದೆ. ನಾನು ಕೆಲಸ ಬಿಟ್ಟರೆ ನನ್ನ ಜಾಗಕ್ಕೆ ಯಾರೂ ಇಲ್ಲ" ಎಂದರು. ಎಪ್ಪತ್ತು ದಾಟಿದ ಮಗಳು ತೊಂಬತ್ತು ದಾಟಿದ ತಾಯಿಗಾಗಿ ಇಷ್ಟು ದೂರ ಹುಡುಗಿಯರನ್ನು ಹುಡುಕಿಕೊಂಡು ಬಂದಿದ್ದಾಳೆ. ಗಡಿ ದಾಟಿ ಬಂದವರನ್ನು ಊರಿನವರು ಹೇಗೆ ನೋಡುತ್ತಾರೆಂದು ನನಗೇನು ಹೊಸದಾಗಿ ಹೇಳಬೇಕಿರಲಿಲ್ಲ.

ಆ ಭಾನುವಾರ ಮುನಿರತ್ನ ನಮ್ಮ ಮನೆಗೆ ಬಂದಳು. "ಸಿಸ್ಟರಮ್ಮ, ನಿಮ್ಮತ್ತೆ ಅವ್ರಲ್ಲಾ, ಅವರತ್ರ ಕಲೀತೀನಿ" ಎಂದಳು.

ನಮ್ಮತ್ತೆ ಗೌರಮ್ಮನ ವಿಷಯ ಹೇಳಬೇಕು. ಅವಲಪಲ್ಲಿಗೆ ಬಂದ ವರ್ಷವೇ ಬೀದಿಯವರ ಬಾಯಲ್ಲಿ ಅವರ ಕೈಗುಣ ಹೆಸರಾಗಿತ್ತು. ಮಾವಿನಕಾಯಿ ಕಾಲದಲ್ಲಿ ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಲಿ, ಕನ್ನಡದವರಿರಲಿ, ತಮಿಳರಿರಲಿ, ತೆಲುಗರಿರಲಿ, ಮೊದಲ ಹಿಡಿ ಉಪ್ಪು ನಮ್ಮತ್ತೆಯ ಕೈಯಿಂದಲೇ ಬೀಳಬೇಕು. ಹಾಗೆ ಬಿದ್ದರೆ ವರ್ಷವಿಡೀ ಕೆಡುವುದಿಲ್ಲ ಎಂಬ ನಂಬಿಕೆ. ಸ್ಟ್ರೋಕ್ ಹೊಡೆದು ಆ ಬಲಗೈಯೇ ಬಿದ್ದುಹೋಯಿತು. ಕಾಲು ಸುಧಾರಿಸಿತು, ಮಾತು ಸುಧಾರಿಸಿತು, ಕೈಯನ್ನು ಮಾತ್ರ ಸೆರಗಿನೊಳಗೆ ಮುಚ್ಚಿಟ್ಟರು. ಫಿಸಿಯೋದವನು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು "ನಾನೇನು ಮಗಾನಾ ಚೆಂಡಾಡಾಕೆ?" ಎಂದು ಬೀದಿಗೆಸೆದರು. ನಾನು ಬಲವಂತ ಮಾಡಲಿಲ್ಲ. ಆಸ್ಪತ್ರೆಯಲ್ಲಿ ನಾನು ಸಿಸ್ಟರು, ಮನೆಯಲ್ಲಿ ಸೊಸೆ. ಸೊಸೆ ಮುದುಕಿಯ ಕೈಲಿ ಕೆಲಸ ಮಾಡಿಸುತ್ತಾಳೆ ಎಂದು ಒಂದು ಮಾತು ಬೀದಿಯಲ್ಲಿ ಬಿದ್ದರೆ ಮುಗಿಯಿತಲ್ಲ! ಹುಲ್ಲುಕಡ್ಡಿ ಎತ್ತಿಡಲೂ ಬಿಡದೆ ನೋಡಿಕೊಂಡೆವು. ಎಲ್ಲರೂ ಹೊಗಳಿದರು.

ಹಬ್ಬಗಳಲ್ಲಿ ಮಾತ್ರ ಸಂಕಟ. ಮೊಮ್ಮಕ್ಕಳು ಕಾಲಿಗೆ ಬೀಳಲು ಹೋದರೆ ಅತ್ತೆ ಕಾಲನ್ನು ಕುರ್ಚಿಯಡಿಗೆ ಎಳೆದುಕೊಳ್ಳುತ್ತಿದ್ದರು. "ಹೋಗ್ರಲಾ, ಎಡಗೈಲಿ ಹರಸ್ತಾರಾ ಯಾರಾನಾ?" ಎಂದು ಮುಖ ತಿರುಗಿಸುತ್ತಿದ್ದರು. ಸ್ಟ್ರೋಕ್ ಆದಂದಿನಿಂದ ಅವರು ಯಾರನ್ನೂ ಹರಸಿರಲಿಲ್ಲ.

ಇಂಥವರ ಹತ್ತಿರ ಮುನಿರತ್ನ ಹೋಗಿ, ಸಾತೋ ಹೇಳಿದ್ದನ್ನು ಹಾಗೆ ಹಾಗೇ ಒಪ್ಪಿಸಿದಳು. "ಅಜ್ಜಿ, ತಟ್ಟೆ ನೀವೇ ಹಿಡ್ಕೊಳ್ಳಿ. ನಿಮ್ ಕೈಲಾಗ್ತದೆ."

ಅತ್ತೆ ಸಿಡಿದರು. "ಶಾಂತೀ! ಯಾರೇ ಇವ್ಳು? ನನ್ ಕೈಲಿ ಚಾಕರಿ ಮಾಡ್ಸಾಕೆ ಬಂದವ್ಳೆ!" ಊಟ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಬಾಚಣಿಗೆ ಕೊಟ್ಟರೆ ಬಾಚಣಿಗೆ ನೆಲಕ್ಕೆ, ಲೋಟ ಕೊಟ್ಟರೆ ಲೋಟ ನೆಲಕ್ಕೆ. "ಆಗಾಕಿಲ್ಲ ಸಿಸ್ಟರಮ್ಮ, ನನ್ ಬಾಯಲ್ಲಿ ಅದು ಹೇಳಾಕೇ ಬರಾಕಿಲ್ಲ. ಹಿರೀರ್ಗೆ ಮಾಡು ಅಂತ ಹೆಂಗೆ ಹೇಳೋದು? ನಮ್ಮಜ್ಜಿ ನೆಪ್ಪಾಯ್ತಾಳೆ" ಎಂದು ಅಡುಗೆಮನೆಯಲ್ಲಿ ಬಂದು ಅತ್ತಳು. ನನಗೂ ದಾರಿ ತೋಚಲಿಲ್ಲ.

ಅಷ್ಟರಲ್ಲಿ ಅವರೆಕಾಯಿ ಬಂತು. ಜವಳಗಿರಿಯಿಂದ ಮುನಿರತ್ನಳೇ ಒಂದು ಚೀಲ ತಂದಳು, ಆನೆ ತುಳಿದು ಉಳಿದದ್ದು ಎಂದು ನಗುತ್ತಾ. ಅವರೆಕಾಯಿ ಬಂದ ಮೇಲೆ ಹಿದುಕಿದ ಬೇಳೆ ಸಾರು ಆಗದಿದ್ದರೆ ನಮ್ಮ ಮನೆಯಲ್ಲಿ ಅದು ಚಳಿಗಾಲವೇ ಅಲ್ಲ. ಸುಲಿದ ಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿದುಕಿದರೆ ಸಿಪ್ಪೆ ಬಿಟ್ಟು ಬೇಳೆ ಚಂಗನೆ ಹೊರಗೆ ಬರುತ್ತದೆ. ಜಗುಲಿಯ ಬಿಸಿಲಿನಲ್ಲಿ ಬೇಸಿನ್ ಇಟ್ಟುಕೊಂಡು ನಾನೂ ಮುನಿರತ್ನಳೂ ಕೂತೆವು. ಅತ್ತೆ ಕುರ್ಚಿಯಲ್ಲಿ, ಯಜಮಾನರು ಪೇಪರಿನ ಹಿಂದೆ. ಹುಡುಗಿ ಒಂದೂ ಕಾಳು ಹಿದುಕದೆ ಬೇಸಿನ್ನನ್ನು ಅತ್ತೆಯ ಮಡಿಲ ಹತ್ತಿರ ಎತ್ತಿ ಹಿಡಿದಳು.

"ಅಜ್ಜಿ, ನಿಮ್ದು ಭಾರಿ ಕೈಗುಣ ಅಂತೆ. ಬೀದಿಯೋರೆಲ್ಲಾ ಹೇಳ್ತಾರೆ. ನಮ್ ಹೊಲದ ಕಾಳು ಇದು. ನಾನು ದೇಸ ದಾಟೋಕೆ ಹೊರಟೋಳು. ಮೊದಲ್ನೇ ಕಾಳು ನಿಮ್ಮ ಕೈಲಿ ಹಿದುಕ್ಕೊಡಿ, ಒಳ್ಳೇದಾಗ್ಲಿ."

ಅತ್ತೆ ಅವಳ ಮುಖವನ್ನೇ ನೋಡಿದರು. ಎಡಗೈ ಮುಂದೆ ಬಂತು.

"ಎಡಗೈಲಾ ಅಜ್ಜಿ? ಒಳ್ಳೇ ಕೆಲ್ಸಕ್ಕೆ ಹೊರಟಿವ್ನಿ" ಎಂದಳು ಹುಡುಗಿ, ಸಣ್ಣ ದನಿಯಲ್ಲಿ.

ಈಗ ಬೇಸಿನ್ನೂ ನೆಲಕ್ಕೆ ಎಂದುಕೊಂಡೆ. ಅತ್ತೆಯ ಸೆರಗು ಅಲುಗಿತು. ಒಳಗಿನಿಂದ ಆ ಬಲಗೈ ಬಂತು, ಬಿಸಿಲು ಕಾಣದೆ ಬೆಳ್ಳಗಾಗಿದ್ದ ಕೈ. ನೀರಿಗೆ ಇಳಿದು ಕಾಳನ್ನು ಹುಡುಕಿತು. ಸಿಕ್ಕ ಕಾಳು ಜಾರಿತು. ಮತ್ತೆ ಸಿಕ್ಕಿತು, ಮತ್ತೆ ಜಾರಿತು. ನಾನು ಕೈ ಚಾಚಬೇಕೆಂದಿದ್ದೆ, ಮುನಿರತ್ನ ಕಣ್ಣಲ್ಲೇ ಬೇಡವೆಂದಳು. ಬೇಸಿನ್ನನ್ನು ಅತ್ತೆಯ ಮಡಿಲಿಗಿಟ್ಟು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದುಮಿಕೊಂಡು ಕೂತಿದ್ದಳು, ಅವು ತಾವಾಗಿ ಸಹಾಯಕ್ಕೆ ಓಡಿಹೋಗದಂತೆ. ಎಷ್ಟು ಹೊತ್ತಾಯಿತೋ. ಕೊನೆಗೆ ಹೆಬ್ಬೆರಳು ಒತ್ತಿತು. ಬೇಳೆ ಹಾರಿ ಹೋಗಿ ಯಜಮಾನರ ಪೇಪರಿಗೆ ಪಟ್ ಎಂದು ಬಡಿಯಿತು.

"ಯಾರ್ಲಾ ಅದು!" ಎಂದು ಅವರು ಬೆಚ್ಚಿದರು.

"ನಾನು ಕಣ್ಲಾ, ನಿಮ್ಮವ್ವ!" ಎಂದರು ಅತ್ತೆ. ಎಷ್ಟೋ ಕಾಲದ ಮೇಲೆ ಅವರು ನಕ್ಕಿದ್ದು ಅಂದು. ಯಜಮಾನರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದುಕೊಂಡರು. ಅಳುವಾಗ ಅವರು ಹಾಗೇ ಮಾಡುವುದು.

ಆಮೇಲೆ ಹುಡುಗಿಗೆ ದಾರಿ ಸಿಕ್ಕಿಬಿಟ್ಟಿತು. ಮಾಡಿ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಎಲ್ಲದರ ಮೊದಲನೆಯದನ್ನು ಬೇಡಿ ಪಡೆಯುತ್ತಿದ್ದಳು. ಮೊದಲ ತುತ್ತು ನಿಮ್ಮ ಕೈಲಿ ಅಜ್ಜಿ. ಮೊದಲ ಗುಂಡಿ ನಿಮ್ಮ ಕೈಲಿ. ನನ್ನ ಜಡೆಗೆ ಮೊದಲ ಹೂವು ನಿಮ್ಮ ಕೈಲಿ. ಮೊದಲನೆಯದು ಆದಮೇಲೆ ಎರಡನೆಯದಕ್ಕೆ ಅತ್ತೆಯೇ ಹಟ ಹಿಡಿಯುತ್ತಿದ್ದರು. ಅವರೆಕಾಲ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಸಾರು ಹೊತ್ತು ಮೀರಿಯೇ ಆಗುತ್ತಿತ್ತು, ಯಾಕೆಂದರೆ ಬೇಳೆ ಹಿದುಕುವವರು ಅತ್ತೆ. ಎದುರು ಮನೆಯ ವಳ್ಳಿಯಮ್ಮ "ಎನ್ನ ಶಾಂತಮ್ಮ, ವಯಸಾನವಂಗಳ..." ಎಂದು, ವಯಸ್ಸಾದವರನ್ನು ದುಡಿಸುತ್ತೀಯಾ ಎನ್ನುವಂತೆ ರಾಗ ತೆಗೆದಳು. "ನಮ್ಮತ್ತೆ ಕೈ, ನಮ್ಮತ್ತೆ ಅವರೆಕಾಳು, ನೀವು ಸಾರಿಗೆ ಬನ್ನಿ" ಎಂದೆ. ಬಂದಳು, ಎರಡು ಸಲ ಹಾಕಿಸಿಕೊಂಡು ಹೋದಳು.

ಸಂಕ್ರಾಂತಿ ಕಳೆದು ಸಾತೋ ಬಂದರು. ಈ ಸಲ ಮುದುಕಿಯ ಪಾತ್ರಕ್ಕೆ ತಾವೇ ಕೂತರು. ಬಲಗೈಯನ್ನು ಸತ್ತಂತೆ ಜೋತುಬಿಟ್ಟು, ಮುಖ ಗಂಟಿಕ್ಕಿಕೊಂಡು, ಏನು ಹೇಳಿದರೂ ಬೇಡ ಬೇಡ ಎನ್ನುವ ಹಟಮಾರಿ ಮುದುಕಿ. ಬೇರೆ ಹುಡುಗಿಯರು ಪಾಠ ಒಪ್ಪಿಸಿದಂತೆ ಮಾಡಿದರು, ಒಬ್ಬಿಬ್ಬರು ಪರವಾಗಿಲ್ಲ ಎನ್ನಿಸಿಕೊಂಡರು. ಮುನಿರತ್ನಳ ಸರದಿ ಬಂತು. ಕೆಳಗಿನ ಲೇತ್ ಯಂತ್ರ ಕಿರ್ರೆನ್ನುತ್ತಲೇ ಇತ್ತು.

ಅವಳು ಸಾತೋ ಅವರ ತೋಳಿಗೆ ಅಂಗಿ ಏರಿಸಿದಳು. ಗುಂಡಿಗೆ ಕೈ ಹಾಕಲಿಲ್ಲ. ಸಾತೋ ಅವರ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, ಕೆಳಗಿನಿಂದ ಅವರ ಮುಖ ನೋಡುತ್ತಾ ಅವರ ಭಾಷೆಯಲ್ಲಿ ಏನೋ ಕೇಳಿದಳು. ಸಾತೋ ಬೇಡವೆಂದರು. ಇವಳು ನಕ್ಕು ಮತ್ತೆ ಕೇಳಿದಳು. ಕೇಳಿ ಸುಮ್ಮನೆ ಕೂತಳು, ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು. ಸಾತೋ ಕಾದರು, ಇವಳೂ ಕಾದಳು. ಜೋತುಬಿದ್ದಿದ್ದ ಬಲಗೈ ನಿಧಾನಕ್ಕೆ ಎದ್ದು ಮೇಲಿನ ಗುಂಡಿಯನ್ನು ಹಿಡಿಯಿತು. ಗುಂಡಿ ಕಾಜಿನೊಳಗೆ ಹೋದಮೇಲೂ ಆ ಕೈ ಅಲ್ಲೇ ಇತ್ತು. ನಟನೆ ಎಲ್ಲಿ ಮುಗಿಯಿತೋ ನನಗೆ ಗೊತ್ತಾಗಲಿಲ್ಲ, ಸಾತೋ ಅವರ ಕಣ್ಣಂತೂ ಒದ್ದೆಯಾಗಿತ್ತು.

"ಏನಪ್ಪಾ ಹೇಳಿದ್ಳು?" ಎಂದು ಸೆಲ್ವಂನನ್ನು ತಿವಿದೆ.

"ಇವತ್ತು ನನ್ನ ಮೊದಲ ದಿನ, ಅಜ್ಜಿ. ಮೊದಲ ಗುಂಡಿ ನಿಮ್ಮ ಕೈಯಿಂದ ಆದ್ರೆ ನಂಗೆ ಒಳ್ಳೇದಾಗುತ್ತೆ ಅಂದ್ಳು ಸಿಸ್ಟರ್."

ಸಾತೋ ಕೇಳಿದರು: ಇಷ್ಟು ವರ್ಷ ಹುಡುಗಿಯರಿಗೆ ಹೇಳಿಕೊಡುತ್ತಿದ್ದೇನೆ, ನೀವೇ ಮಾಡಿ ಎಂದು ಹೇಳುವುದನ್ನು ಕಲಿಸಿದ್ದೆ, ಹೀಗೆ ಕೇಳುವುದನ್ನು ಇವಳು ಎಲ್ಲಿ ಕಲಿತಳು? ಮುನಿರತ್ನ ನಾಚಿ, "ನಮ್ ಕಡೆ ಹಿಂಗೇಯಾ" ಎಂದಳು. ಅವಳನ್ನು ತಮ್ಮ ತಾಯಿ ಇರುವ ಮಹಡಿಗೇ ಹಾಕಿಕೊಳ್ಳುವುದಾಗಿ ಸಾತೋ ಹೇಳಿದರು. ಮೆಟ್ಟಿಲಿಳಿಯುವಾಗ ನಾನು ಈ ಸಲ ತೋಳು ಹಿಡಿಯಲಿಲ್ಲ. ಒಂದು ಮೆಟ್ಟಿಲು ಹಿಂದೆಯೇ ಇಳಿದೆ. ಕೆಳಗೆ ಬಂದಮೇಲೆ ಆಕೆ ತಾವೇ ನನ್ನ ಕೈ ಹಿಡಿದು ಬಾಗಿ ನಮಸ್ಕರಿಸಿದರು. ಹೊಸೂರಿನ ನನ್ನ ಕೈಯನ್ನು ಜಪಾನು ಹಿಡಿದುಕೊಂಡಿತಲ್ಲ ಎಂದು ಆ ಸಂಜೆ ಬೀದಿಗೆಲ್ಲಾ ಹೇಳಿಕೊಂಡು ಬಂದೆ.

ಕಾಗದಪತ್ರ, ವೀಸಾ ಎಲ್ಲಾ ಆಗುವಷ್ಟರಲ್ಲಿ ಮಾವಿನ ಕಾಲ ಬಂದಿತ್ತು. ಕೃಷ್ಣಗಿರಿ ರಸ್ತೆಯುದ್ದಕ್ಕೂ ಹಣ್ಣಿನ ಲಾರಿಗಳು. ವಳ್ಳಿಯಮ್ಮನ ಮನೆಯ ಉಪ್ಪಿನಕಾಯಿಗೆ ಆ ವರ್ಷ ಮೊದಲ ಹಿಡಿ ಉಪ್ಪು ನಮ್ಮತ್ತೆಯದೇ. ಅರ್ಧ ಹಿಡಿ ಆಚೆ ಬಿತ್ತು, ವಳ್ಳಿಯಮ್ಮ ಅದನ್ನೂ ಬಳಿದು ಜಾಡಿಗೆ ಹಾಕಿದಳು.

ಹೊರಡುವ ದಿನ ಬೆಳಿಗ್ಗೆ ಮುನಿರತ್ನ ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ಏರ್‌ಪೋರ್ಟಿಗೆ ಹೋಗುವ ಕಾರು ಬೀದಿಯ ತುದಿಯಲ್ಲಿತ್ತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸುತ್ತಲೇ, "ನಮ್ಮುಡುಗಿ ಇಮಾನದಲ್ಲಿ ಹೋಗಿ ಮುದುಕ್ರನ್ನ ನೋಡ್ಕೊಂತಾಳೆ" ಎಂದು ಎದುರು ಮನೆಗೂ ಕೇಳುವಂತೆ ಹೇಳಿದಳು. ನನ್ನ ಕಾಲಿಗೆ ಬಿದ್ದು ಎದ್ದ ಮುನಿರತ್ನ ಅತ್ತೆಯ ಮುಂದೆ ಮಂಡಿಯೂರಿ ಪಾದದ ಮೇಲೆ ತಲೆಯಿಟ್ಟಳು.

ಅತ್ತೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆಂದು ನಾನು ಕಾದೆ. ಎಳೆದುಕೊಳ್ಳಲಿಲ್ಲ. ಅವರೆ ಹಿದುಕುವುದು ಬೇರೆ, ಕೈಯನ್ನು ಅಷ್ಟೆತ್ತರ ಎತ್ತಿ ಹಿಡಿಯುವುದು ಬೇರೆ. ಭುಜ ನಡುಗಿತು. ಕೈ ತೊಡೆಯಿಂದ ಎದ್ದು, ನಡುದಾರಿಯಲ್ಲಿ ನಿಂತು, ಕೆಳಗೆ ಬಿತ್ತು. ನನಗೆ ತಡೆಯಲಾಗದೆ ಎತ್ತಿಕೊಡಲು ಮುಂದೆ ಬಾಗಿದೆ.

"ಬಿಡಿ ಸಿಸ್ಟರಮ್ಮ" ಎಂದಳು ಹುಡುಗಿ ತಲೆಯೆತ್ತದೆಯೇ. "ಅಜ್ಜಿ ಎತ್ತಾರೆ. ನಂಗೇನು ಅವಸರ ಇಲ್ಲ."

ಬೀದಿಯ ತುದಿಯಲ್ಲಿ ಕಾರಿನವನು ಹಾರನ್ ಹೊಡೆದ. ಯಾರೂ ಅಲುಗಲಿಲ್ಲ. ಕೈ ಮತ್ತೆ ಎದ್ದಿತು, ಕುರ್ಚಿಯ ತೋಳು ದಾಟಿತು, ಬೆರಳುಗಳು ಗಾಳಿಯಲ್ಲಿ ತಡವಿ ಅವಳ ಬೈತಲೆಯ ಮೇಲೆ ಬಂದು ಕೂತವು. ಅತ್ತೆ ಬಾಯಿಬಿಟ್ಟು ಅಳುತ್ತಿದ್ದರು.

"ಒಳ್ಳೇದಾಗ್ಲಿ ಮಗಾ... ಭಾರ ಆಯ್ತದೇನೇ ನನ್ ಕೈಯಿ?"

"ಇರ್ಲಿ ಅಜ್ಜಿ" ಎಂದಳು ಮುನಿರತ್ನ. "ಇನ್ನೊಸಿ ಹೊತ್ತು ಇರ್ಲಿ."